ಲೈನಿನ ಕೊನೆಯ ರೂಮು

ಕೊಡಗು ಇನ್ನೂ ತನ್ನದೇ ಒಂದು ರಾಜ್ಯವಾಗಿದ್ದ ಕಾಲ. ವಿರಾಜಪೇಟೆಯಲ್ಲಿ ಮೇಷ್ಟರಾಗಿದ್ದ ನಾನು, ಸಂಜೆ ಮಾಡಲು ಬೇರೆ ಕೆಲಸವಿಲ್ಲದೆ, ಮನೆಯಿಲ್ಲದ ಮಾಜಿ ಸೈನಿಕರಿಗೆ ನೆರವಾಗುವ ಸಮಿತಿಗೆ ಸೇರಿಕೊಂಡೆ. ಸಮಿತಿಯೆಂದರೆ ಕಾಫಿ, ಬಿಸ್ಕತ್ತು ಮತ್ತು ಬೇಕೆಂದಾಗ ಕಣ್ಣು ಒದ್ದೆ ಮಾಡಿಕೊಳ್ಳಬಲ್ಲ ಕೆಲವು ದೊಡ್ಡ ಮನುಷ್ಯರು. ಅಧ್ಯಕ್ಷರು ಕುಟ್ಟದ ಕಡೆಯ ಎಸ್ಟೇಟ್ ಸಾಹುಕಾರರು. ಯುದ್ಧವನ್ನು ರೇಡಿಯೋದಲ್ಲಿ ಕೇಳಿದ್ದವರು, ಆದರೆ ಸಭೆಗೆ ಬರುವಾಗ ಖಾಕಿ ಚಡ್ಡಿ. ಆ ಚಡ್ಡಿ ಕಂಡರೇ ನನಗೆ ಮೈ ಉರಿಯುತ್ತಿತ್ತು.

ಗೋಡೆಯಿಲ್ಲದ ಸಂತೆ ಶೆಡ್ಡಿನಲ್ಲಿ ಒಬ್ಬ ಮಲಗುತ್ತಿದ್ದ. ಬರ್ಮಾದಲ್ಲಿ ಒಂದು ಕಾಲು ಕಳೆದುಕೊಂಡವನು. ಮರದ ಕಾಲು ಕಟ್ಟುವ ಜಾಗ ಒದ್ದೆಯಾದರೆ ಹುಣ್ಣಾಗುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಅದು ಕೀವಾಗಿ, ಅವನು ಬದುಕಿದ್ದೇ ಹೆಚ್ಚು. ನನ್ನಲ್ಲಿ ಅವನು ಕೇಳಿದ್ದು ಇಷ್ಟೇ: "ಮೇಷ್ಟ್ರೇ, ಮಳೆಗಾಲಕ್ಕೊಂದು ಸೋರದ ಜಾಗ ನೋಡಿ ಕೊಡಿ. ಬೇರೆ ಎಂತದೂ ಬೇಡ."

ಸಭೆಯಲ್ಲಿ ಹೇಳಿದೆ. ಅಧ್ಯಕ್ಷರು ಎದೆ ಮುಟ್ಟಿಕೊಂಡು, ತಮ್ಮ ಎಸ್ಟೇಟಿನ ಆಳುಗಳಿರುವ ಕೂಲಿ ಲೈನಿನ ಕೊನೆಯ ರೂಮು ಇನ್ನು ಅವನದೇ ಎಂದರು. ಚಪ್ಪಾಳೆಯೋ ಚಪ್ಪಾಳೆ. ಆಗಷ್ಟೇ ಕಾಫಿ ಹಣ್ಣು ಕೀಳುವ ಪಿಕ್ಕಿಂಗ್ ಶುರುವಾಗಿತ್ತು. ರೂಮಿನ ಎದುರಿಗೇ ಕಾಫಿ ಒಣಗಿಸುವ ಕಣ. ರಾತ್ರಿಯಿಡೀ ಲಾಟೀನು ಹಿಡಿದು ಆ ಕಣ ಕಾಯುವ ಕೆಲಸವೂ ರೂಮಿನ ಜೊತೆಗೇ ಬಂತು. ಸಂಬಳ ಕೇಳಿದರೆ ಧರ್ಮಕ್ಕೆ ಕೊಟ್ಟ ರೂಮಿಗೆ ಅವಮಾನವಂತೆ! ಬೇಸಿಗೆ ಮುಗಿಯುವವರೆಗೆ ಸಾಹುಕಾರರ ಕಾಫಿ ಒಂದು ಹಿಡಿಯೂ ಕಳುವಾಗಲಿಲ್ಲ. ಸಮಿತಿ ಅವರಿಗೆ ಹಾರ ಹಾಕಿತು. ಇಂಥ ದಯೆಗೆ ಬೇರೆ ಹೆಸರಿದೆ, ಮಕ್ಕಳಿಗೆ ಪಾಠ ಹೇಳುವ ಬಾಯಲ್ಲಿ ಅದು ಬೇಡ.

ಮಳೆ ಹಿಡಿಯಿತು. ಅವನು ಹೇಗಿದ್ದಾನೋ ನೋಡೋಣವೆಂದು ಬಸ್ಸು ಹತ್ತಿ ಹೋದೆ. ಅಧ್ಯಕ್ಷರು ಲೈನಿನ ಮುಂದೆ ಕೊಡೆ ಹಿಡಿದು ನಿಂತಿದ್ದರು. ಖಾಲಿ ಗೋಣಿಚೀಲಗಳ ಕಟ್ಟುಗಳು ಕೊನೆಯ ರೂಮಿನೊಳಕ್ಕೆ ಹೋಗುತ್ತಿದ್ದವು. ಹೊರುತ್ತಿದ್ದವನು ಅವನೇ. ಅವನ ಟ್ರಂಕು ಆಗಲೇ ಅಂಗಳದಲ್ಲಿ ನೆನೆಯುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅಧ್ಯಕ್ಷರು, "ಗೋಣಿ ನೆನೆದ್ರೆ ಮುಗ್ಗಲು ಹಿಡೀತದೆ ಮೇಷ್ಟ್ರೇ. ಕಣದಲ್ಲಿ ಈಗ ಎಂತ ಉಂಟು ಕಾಯ್ಲಿಕ್ಕೆ?" ಎಂದರು.

"ಇವನ ಕಾಲು ನೆನೆದರೆ?"

"ಅದಕ್ಕೆ ಸಮಿತಿ ಉಂಟಲ್ಲ," ಎಂದರು ಆ ಮಹಾನುಭಾವರು, ಸಮಿತಿ ಯಾರದೋ ಎಂಬಂತೆ.

ಕೊನೆಯ ಕಟ್ಟನ್ನು ಒಳಗಿಟ್ಟು, ಅವನು ಒಂದು ಗೋಣಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಹೊರಬಂದ. "ಏ, ಗೋಣಿ!" ಎಂದು ಅಧ್ಯಕ್ಷರು ಕೂಗಿದರು. ಅವನು ಅದನ್ನು ತೆಗೆದು, ಮಡಚಿ, ಒಳಗಿಟ್ಟು ಬಂದ. ನನಗೆ ಅಲ್ಲೇ ಉಗಿಯಬೇಕೆನ್ನಿಸಿತು. ಉಗಿಯಲಿಲ್ಲ, ನನ್ನ ಕೊಡೆಯನ್ನು ಅವನ ಕಾಲಿನ ಕಡೆ ಓರೆಯಾಗಿ ಹಿಡಿದೆ.

ಹೊರಟವನ ಬೆನ್ನು ತಟ್ಟಿ ಅಧ್ಯಕ್ಷರು ತುಂಬು ಅಕ್ಕರೆಯಿಂದಲೇ ಹೇಳಿದರು: "ಬೇಜಾರು ಮಾಡ್ಬೇಡ ಮಾರಾಯ. ಮಳೆ ಬಿಟ್ಟ ಮೇಲೆ ಬಾ. ರೂಮು ನಿಂದೇ."