ಒದ್ದೆ ನಾಯಿಯ ತಳಿ ಹೇಳದ ಬಾಚಣಿಗೆಯಕ್ಕ

ಈ ಸಂಗತಿಯನ್ನು ಮೊದಲು ಹೇಳಿದವರು ಬಿಟ್ಟುಹೋದ ನಾಯಿಗಳ ಆಶ್ರಯದಲ್ಲಿ ಗೇಟು ಕಾಯುವ ಹಿರಿಯರು. ಹೇಳಿದ್ದು ಕಳೆದ ಚಳಿಗಾಲದ ಕೊನೆಯ ಭಾನುವಾರ, ಸಂಜೆ ನಾಲ್ಕರ ಹೊತ್ತಿಗೆ, ಗೇಟಿನ ಒಳಬದಿಯ ಉದ್ದ ಬೆಂಚಿನ ಮೇಲೆ ಕುಳಿತು. ನಾಯಿ ಸಾಕಬೇಕೆಂದು ನೋಡಲು ಬಂದಿದ್ದ ಆರೇಳು ಮಂದಿ ಕೇಳುತ್ತಿದ್ದರು. ವ್ಯಾನಿನ ಚಾಲಕ ಇದನ್ನೇ ತುಸು ಬೇರೆಯಾಗಿ ಹೇಳುತ್ತಾನೆ. ಎಲ್ಲ ನಡೆದದ್ದು ಐದು ದಿನದಲ್ಲಿ ಎಂದು ಗೇಟಿನವರು, ಹತ್ತು ದಿನದಲ್ಲಿ ಎಂದು ಚಾಲಕ. ದಾಖಲೆ ಪುಸ್ತಕದಲ್ಲಿ ಏಳು ದಿನವೆಂದಿದೆ. ಇಲ್ಲಿ ಏಳನ್ನೇ ಇಟ್ಟುಕೊಂಡಿದೆ. ಯಾರ ಬಗ್ಗೆ ಇಬ್ಬರೂ ಹೇಳುತ್ತಾರೋ ಆ ಹೆಂಗಸನ್ನು ಕೇಳಿದರೆ, "ಅಯ್ಯೋ, ಏನ್ ಮಹಾ!" ಎಂದು ಬಕೆಟ್ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಾರೆ.

ಆಶ್ರಯದಲ್ಲಿ ಎಲ್ಲರೂ ಅವರನ್ನು ಕರೆಯುವುದು ಬಾಚಣಿಗೆಯಕ್ಕ ಎಂದೇ. ಬೆಳಗಿನ ಐದೂಕಾಲು. ಉದ್ದನೆಯ ಓಣಿಯ ಎರಡೂ ಕಡೆ ಒಟ್ಟು ನಲವತ್ತೊಂದು ಗೂಡುಗಳು, ಕೊನೆಯಲ್ಲಿ ಎರಡು ನಲ್ಲಿಗಳು. ಅಕ್ಕ ಒಂದು ಗೂಡಿನ ಚಿಲಕ ಸರಿಸುತ್ತಾರೆ, ಊಟದ ಬಟ್ಟಲನ್ನು ನೆಲಕ್ಕಿಡುತ್ತಾರೆ, ಬಕೆಟ್ ಬೋರಲು ಹಾಕಿ ಅದರ ಮೇಲೆ ನಾಯಿಗೆ ಬೆನ್ನು ಮಾಡಿ ಕುಳಿತುಬಿಡುತ್ತಾರೆ. ಕಣ್ಣಿನಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ಕರೆಯುವುದಿಲ್ಲ, ಚಪ್ಪಾಳೆಯಿಲ್ಲ. ಬೆನ್ನ ಹಿಂದೆ ಏನು ನಡೆಯುತ್ತದೆಂಬುದನ್ನು ಕಿವಿಯಿಂದಲೇ ತಿಳಿಯುತ್ತಾರೆ. ನಾಯಿ ಯಾವ ತಳಿಯದು, ಎಂಥ ಸ್ವಭಾವದ್ದು ಎಂದು ಅವರು ಪರೀಕ್ಷಿಸುವ ಬಗೆಯೇ ಇದು.

ಎಡಸಾಲಿನ ಹದಿನಾಲ್ಕು ಗೂಡುಗಳಿಗೆ ಕೆಲಸದವರ ಬಾಯಲ್ಲಿ ತೋಳಸಾಲು ಎಂದು ಹೆಸರು. ತೋಳನಂತೆ ಕಾಣುವ ಮರಿಯೆಂದು ಆಸೆಪಟ್ಟು ಕೊಂಡು, ಬೆಳೆದ ಮೇಲೆ ಬಿಟ್ಟುಹೋದ ನಾಯಿಗಳೆಲ್ಲ ಅಲ್ಲಿವೆ. "ಮುಖ ನೋಡಿ ತಗೊಳ್ತಾರೆ, ಹೊಟ್ಟೆ ನೋಡಿ ಬಿಡ್ತಾರೆ," ಎನ್ನುತ್ತಾರೆ ಅಕ್ಕ. "ನೋಡೋರಿಗೆ ಎಲ್ಲಾ ಒಂದೇ. ನೆಟ್ಟಗಿನ ಕಿವಿ, ಚೂಪು ಮೂತಿ, ಬೂದು ಮೈ. ಒಂದೇ ಮನೆ ಅಣ್ಣತಮ್ಮಂದಿರ ಹಾಗೆ. ಮೂಗು ಒಂದೇ, ಬುದ್ಧಿ ಬೇರೆ ಬೇರೆ."

ಮೂರನೆಯ ಗೂಡಿನಲ್ಲಿರುವುದು ಹಸ್ಕಿ. ಹಗುರ ಮೈ, ಒಂದು ಕಣ್ಣು ನೀಲಿ, ಇನ್ನೊಂದು ಕಂದು. ಅಕ್ಕ ಬಟ್ಟಲಿಟ್ಟು ಕುಳಿತರೆ ಎರಡು ಬಾಯಿ ತಿಂದು, ಊರಿನ ದೂರನ್ನೆಲ್ಲ ಹೇಳುವಂತೆ ರಾಗ ಎಳೆಯುತ್ತ ಬಾಗಿಲ ಬಳಿ ಸುಳಿಯುತ್ತದೆ. "ಇವನಿಗೆ ಬಟ್ಟಲಿಗಿಂತ ಚಿಲಕದ ಮೇಲೆ ಕಣ್ಣು. ಬಾಗಿಲು ತೆಗೆದ್ರೆ ಮೂರನೇ ಬೀದೀಲಿ ಹುಡುಕ್ಬೇಕು. ಕಳ್ಳ ಬಂದ್ರೆ ಮನೆಯೆಲ್ಲಾ ತೋರಿಸಿ ಕಳಿಸ್ತಾನೆ." ಒಂಬತ್ತರಲ್ಲಿರುವುದು ಜರ್ಮನ್ ಶೆಫರ್ಡ್. ಬೆನ್ನು ಹಿಂದಕ್ಕೆ ಇಳಿಜಾರು, ಬಾಲ ಸದಾ ಕೆಳಗೆ. ಅದು ಬಟ್ಟಲ ಮುಂದೆ ಕುಳಿತು ಅಪ್ಪಣೆಗೆ ಕಾಯುತ್ತದೆ. "'ತಿನ್ನು' ಅನ್ನೋದು ಮರೆತೆ ಅನ್ನಿ, ಮಧ್ಯಾಹ್ನದವರೆಗೂ ಹಾಗೇ ಕೂತಿರ್ತಾನೆ. ಅಪರಿಚಿತರು ಬಂದ್ರೆ ಮಾತ್ರ ಬಿಡಲ್ಲ." ಹನ್ನೊಂದರ ಮಾಲಮ್ಯೂಟ್ ಹಸ್ಕಿಯನ್ನೇ ಹಿಗ್ಗಿಸಿದಂತಿದೆ. ದಪ್ಪ ಮೂಳೆ, ಅಗಲ ಎದೆ, ಬೆನ್ನ ಮೇಲೆ ಬೀಸಣಿಗೆಯಂತೆ ಬಾಗಿದ ಬಾಲ. ಕಣ್ಣು ಕಂದು, ಈ ತಳಿಯ ನಾಯಿಯಲ್ಲಿ ನೀಲಿ ಕಣ್ಣನ್ನು ಅಕ್ಕ ಈವರೆಗೆ ಕಂಡಿಲ್ಲ. "ಇವನಿಗೆ ಯಾವುದಕ್ಕೂ ಆತುರ ಇಲ್ಲ. ಬಂದು ಒರಗ್ತಾನೆ. ನಲವತ್ತು ಕೆ.ಜಿ. ಒಂದೇ ಸಲ ಬೆನ್ನ ಮೇಲೆ!"

ಇನ್ನು ತೋಳದ ಮಿಶ್ರತಳಿ, ತೋಳಕ್ಕೂ ನಾಯಿಗೂ ಹುಟ್ಟಿದ್ದು. ಅಕ್ಕ ಇಲ್ಲಿ ಕೆಲಸಕ್ಕಿರುವ ಹತ್ತೊಂಬತ್ತು ವರ್ಷಗಳಲ್ಲಿ ಅಂಥವು ಬಂದದ್ದು ಎರಡೇ. ಉದ್ದ ಕಾಲು, ಕಿರಿದಾದ ಎದೆ, ಹಳದಿ ಕಣ್ಣು, ನೇರ ಜೋತುಬಿದ್ದ ಬಾಲ. "ನಾವು ಕಣ್ಮರೆಯಾಗೋವರೆಗೂ ಅದು ಬಟ್ಟಲ ಹತ್ರ ಬರಲ್ಲ. ಅದು ಕೆಟ್ಟದ್ದು ಅಂತಲ್ಲ. ನಮ್ಮ ಸಹವಾಸವೇ ಅದಕ್ಕೆ ಬೇಡ," ಎನ್ನುವಾಗ ಅಕ್ಕನ ದನಿ ಇಳಿಯುತ್ತದೆ.

ಅಕ್ಕನಿಗೆ ಈಗ ಐವತ್ತೆಂಟು. ಮೊದಲು ಕಂಬಳಿ ಕಾರ್ಖಾನೆಯಲ್ಲಿ ಉಣ್ಣೆ ಬಾಚುತ್ತಿದ್ದರು. ಕಾರ್ಖಾನೆ ಮುಚ್ಚಿದ ದಿನ ಮನೆಗೆ ತಂದದ್ದು ಎರಡು ಕಬ್ಬಿಣದ ಬಾಚಣಿಗೆಗಳನ್ನು ಮಾತ್ರ, ಒಂದು ಬಿಡಿಹಲ್ಲಿನದು, ಇನ್ನೊಂದು ಒತ್ತುಹಲ್ಲಿನದು. ಇಂದಿಗೂ ಅವೇ. ದಿನಕ್ಕೆ ಇಪ್ಪತ್ತೆಂಟು ಬಕೆಟ್ ನೀರು, ಆರು ನಾಯಿಗಳ ಬಾಚುವಿಕೆ. ವಾರಕ್ಕೆ ಎರಡು ಮೂಟೆ ಕೂದಲು. ಬೆರಳ ಗೆಣ್ಣುಗಳು ಊದಿವೆ, ಎಡ ಮುಂಗೈಯಲ್ಲಿ ಹಳೆಯ ಕಚ್ಚಿನ ಗುರುತುಗಳು ನಾಲ್ಕು. ಮನೆಯಲ್ಲಿರುವ ತಂಗಿ ಹೊಲಿಗೆ ಕೆಲಸದವಳು, ನಾಲಿಗೆ ಸೂಜಿಯಷ್ಟೇ ಚುರುಕು. "ನಮ್ಮನೇಲಿ ನಾಯಿ ಇಲ್ಲ, ನಾಯಿ ಕೂದಲು ಇದೆ," ಎನ್ನುತ್ತಾಳೆ. "ಅಕ್ಕ ಹೀಗೇ ಸೀರೆಗೆ ಅಂಟಿಸ್ಕೊಂಡು ಬರ್ತಿದ್ರೆ ಇನ್ನೊಂದ್ ವರ್ಷಕ್ಕೆ ಒಂದು ನಾಯಿ ತಾನಾಗೇ ತಯಾರಾಗುತ್ತೆ."

ಆ ಬೂದು ನಾಯಿ ಬಂದದ್ದು ಮಳೆಯ ಸಂಜೆ. ಚಾಲಕ ಅದನ್ನು ಊರಾಚೆಯ ಗುಜರಿ ಅಂಗಳದಲ್ಲಿ ಹಿಡಿದು ತಂದಿದ್ದ. ಮೈಯೆಲ್ಲ ತೊಯ್ದು ತೊಪ್ಪೆಯಾಗಿ, ಬಾಲ ಕಾಲ ಸಂದಿಗೆ ಸೇರಿ, ಗೇಟಿನ ಹಳದಿ ಬಲ್ಬಿನ ಕೆಳಗೆ ಸದ್ದಿಲ್ಲದೆ ನಿಂತಿತ್ತು. ಗೇಟಿನವರು ಪುಸ್ತಕ ತೆರೆದು, "ಯಾವ ತಳಿ ಅಂತ ಬರೀಲಮ್ಮ?" ಎಂದರು. ಅಕ್ಕ ಮನೆಗೆ ಹೊರಟಿದ್ದವರು, ಕೊಡೆ ಬಿಚ್ಚಿಯಾಗಿತ್ತು. ಒಮ್ಮೆ ನೋಡಿದರು. ಕೂದಲು ಮೈಗಂಟಿ ಎದೆ ಕಿರಿದಾಗಿ, ಕಾಲು ಉದ್ದವಾಗಿ ಕಂಡಿತು; ಬಲ್ಬಿನ ಬೆಳಕಿಗೆ ಕಣ್ಣು ಹಳದಿ. "ತೋಳದ ಮಿಶ್ರ ಇರ್ಬೇಕು," ಎಂದು ಹೇಳಿ ನಡೆದರು.

ಆಶ್ರಯದ ನಿಯಮದಂತೆ ತೋಳದ ಮಿಶ್ರತಳಿಯನ್ನು ಮನೆಗಳಿಗೆ ಕೊಡುವಂತಿಲ್ಲ. ಏಳು ದಿನದೊಳಗೆ ಯಾವ ಮೃಗಾಲಯವೂ ಕೇಳದಿದ್ದರೆ, ಜೀವ ತೆಗೆಯುವ ಚುಚ್ಚುಮದ್ದು. ವೈದ್ಯೆ ಪುಸ್ತಕ ನೋಡಿ, ಯಾರು ಹೇಳಿದ್ದೆಂದು ಕೇಳಿ, ಎರಡನೆಯ ಮಾತಿಲ್ಲದೆ ಸಹಿ ಹಾಕಿದರು. ಹತ್ತೊಂಬತ್ತು ವರ್ಷ ತಪ್ಪದ ಮಾತು ಅದು.

ನಾಲ್ಕನೆಯ ಬೆಳಿಗ್ಗೆ ಅಕ್ಕ ಬೂದು ನಾಯಿಯಿದ್ದ ಹದಿನೇಳನೆಯ ಗೂಡಿನೊಳಗೆ ಕೈಯಿಟ್ಟು ಬಾಚತೊಡಗಿದರು. ಸತ್ತ ಕೂದಲು ಗುಡ್ಡೆಗುಡ್ಡೆಯಾಗಿ ಬಂತು. ಒಣಗಿ ಉಬ್ಬಿದ ಮೈಯೊಳಗೆ ಬೆರಳಾಡಿಸಿದರೆ ಎದೆ ಅಗಲ, ಮೂಳೆ ದಪ್ಪ. ಕಿಟಕಿಯ ಬೆಳಕು ಮುಖಕ್ಕೆ ಬಿದ್ದಾಗ ಕಣ್ಣು ಕಂದು. ಅಕ್ಕನ ಕೈ ನಿಂತಿತು. ಆದರೂ ನಾಯಿ ಬಾಲ ಎತ್ತಲಿಲ್ಲ, ಅವರಿರುವಾಗ ತಿನ್ನಲೂ ಇಲ್ಲ. ಇದು ತೋಳದ ಮಿಶ್ರವಲ್ಲವೇನೋ ಎಂದು ಅಕ್ಕ ಗೇಟಿನವರ ಬಳಿ ಹೋಗಿ ಹೇಳಿದರು.

"ಬರ್ದಿದ್ದು ಬರ್ದಾಯ್ತಲ್ಲಮ್ಮ. ನೀನೇ ತಾನೆ ಹೇಳಿದ್ದು?" ಎಂದರು ಗೇಟಿನವರು.

"ನಾನೇ ಹೇಳಿದ್ದು. ಅದಕ್ಕೇ ಅನ್ನ ಇಳೀತಿಲ್ಲ."

ಮತ್ತೆರಡು ದಿನ ಅಕ್ಕ ಬೆನ್ನು ಮಾಡಿ ಕುಳಿತರು. ನಾಯಿ ಮೂಲೆ ಬಿಟ್ಟು ಬರಲಿಲ್ಲ. ಆರನೆಯ ಸಂಜೆ ವೈದ್ಯೆಯ ಕೋಣೆಗೆ ಹೋಗಿ, ತಾನು ಹೇಳಿದ್ದು ತಪ್ಪೆಂದರು. ವೈದ್ಯೆ ವಯಸ್ಸಿನಲ್ಲಿ ಕಿರಿಯರು, ಒರಟಾಗಿ ಮಾತಾಡುವವರಲ್ಲ. "ಅಕ್ಕ, ಏಳನೇ ದಿನ ಹತ್ರ ಬಂದಾಗ ನಮಗೆಲ್ಲ ಹೀಗೇ ಅನ್ಸುತ್ತೆ. ನಿಮಗೆ ಅದರ ಮೇಲೆ ಪ್ರೀತಿ ಬಂದಿದೆ."

"ಪ್ರೀತಿ ಎಲ್ಲದರ ಮೇಲೂ ಇದೆ ಡಾಕ್ಟ್ರೇ. ತಪ್ಪು ಮಾಡಿದ್ದು ಇದೊಂದರ ವಿಷಯದಲ್ಲಿ."

ವೈದ್ಯೆ ಗೋಡೆಯ ಕ್ಯಾಲೆಂಡರ್ ನೋಡಿದರು. "ನಾಳೆ ಹತ್ತು ಗಂಟೆಗೆ ಮದ್ದು ಚುಚ್ಚೋಕೆ ನಾನು ಬರಲೇಬೇಕು."

"ಹತ್ತಕ್ಕೆ ಬರೋರು ಐದೂವರೆಗೇ ಬನ್ನಿ. ನೀವೇ ನೋಡಿ. ಆಮೇಲೆ ನಾನು ಬಾಯಿ ಬಿಡಲ್ಲ."

ಏಳನೆಯ ಬೆಳಿಗ್ಗೆ ಬೂದು ನಾಯಿಯನ್ನು ಹಿಂದಿನ ಅಂಗಳಕ್ಕೆ ಬಿಟ್ಟರು. ಅಕ್ಕ ಬಟ್ಟಲಿಟ್ಟು, ಬಕೆಟ್ ಬೋರಲು ಹಾಕಿ, ಗೋಡೆಗೆ ಮುಖ ಮಾಡಿ ಕುಳಿತರು. ವೈದ್ಯೆ ಕಿಟಕಿಯ ಹಿಂದೆ. ಕಾಲು ಗಂಟೆ ಏನೂ ಇಲ್ಲ. ಅರ್ಧ ಗಂಟೆ. ವೈದ್ಯೆ ಗಡಿಯಾರ ನೋಡಿದರು. ಆಗ ಸಿಮೆಂಟಿನ ಮೇಲೆ ಉಗುರಿನ ಸದ್ದು ಕೇಳಿತು, ನಿಂತಿತು, ಮತ್ತೆ ಕೇಳಿತು. ನಾಯಿ ಬಟ್ಟಲನ್ನು ದಾಟಿ ಬಂತು. ಅಕ್ಕನ ಬೆನ್ನಿಗೆ ಮೊದಲು ಭುಜ ತಾಗಿಸಿತು, ಆಮೇಲೆ ಇಡೀ ಮೈಭಾರವನ್ನು ಬಿಟ್ಟಿತು. ಬಕೆಟ್ ಜಾರಿ, ಅಕ್ಕ ಎರಡೂ ಕೈಯಿಂದ ಗೋಡೆ ಹಿಡಿದುಕೊಂಡರು. ನಾಯಿ ಗಂಟಲಲ್ಲೇ ಒಂದು ಉದ್ದನೆಯ ರಾಗ ತೆಗೆಯಿತು. ಅದರ ಬಾಲ ಮೆಲ್ಲಗೆ ಮೇಲೆದ್ದು, ಬಾಗಿ, ಬೆನ್ನ ಮೇಲೆ ಹರಡಿಕೊಂಡಿತು.

ವೈದ್ಯೆ ಹೊರಗೆ ಬಂದು, "ಪುಸ್ತಕ ತನ್ನಿ," ಎಂದರು ಗೇಟಿನವರಿಗೆ. ಹಳೆಯ ಬರಹದ ಮೇಲೆ ಬಿಳಿ ಶಾಯಿ ಬಳಿಯಲು ಹೊರಟಾಗ ಅಕ್ಕ ತಡೆದರು. "ಮುಚ್ಚಬೇಡಿ ಡಾಕ್ಟ್ರೇ, ಗೀಟು ಹಾಕಿ ಕೆಳಗೆ ಮಾಲಮ್ಯೂಟ್ ಅಂತ ಬರೀರಿ ಸಾಕು. ನನ್ನ ತಪ್ಪೂ ಓದೋಕೆ ಸಿಗ್ಲಿ."

ನಾಯಿ ಆಮೇಲೆ ಬಟ್ಟಲು ಖಾಲಿ ಮಾಡಿತೆಂದು ಚಾಲಕ ಹೇಳುತ್ತಾನೆ. ಅಕ್ಕ ತಿರುಗಿ ನೋಡುವವರೆಗೂ ಮುಟ್ಟಲಿಲ್ಲವೆಂದು ಗೇಟಿನವರು. ಅಕ್ಕ ಹೇಳುವುದು ಇಷ್ಟೇ: "ನನ್ನ ಸೊಂಟ ಇನ್ನೂ ನೋಯ್ತಿದೆ." ಅಂದಿನಿಂದ ಒದ್ದೆ ನಾಯಿಯ ತಳಿಯನ್ನು ಅವರು ಹೇಳುವುದಿಲ್ಲ. ಯಾರು ಕೇಳಿದರೂ, "ಮೊದ್ಲು ಒಣಗ್ಲಿ," ಎನ್ನುತ್ತಾರೆ. ಅವರಿಗೊಂದು ಆಸೆಯಿದೆ. "ಗೇಟಿನ ಹತ್ರ ಬಿಸಿಗಾಳಿ ಬಿಡೋ ಮೆಷಿನ್ ಒಂದಿರ್ಬೇಕು. ಹಳದಿ ಬಲ್ಬ್ ತೆಗೆದು ಬಿಳೀದು ಹಾಕ್ಬೇಕು. ಬಲ್ಬ್ ನಾನೇ ತಂದಿದ್ದೀನಿ, ಏಣಿ ಹತ್ತೋರು ಬೇಕಷ್ಟೆ."

ಗೇಟಿನವರು ಇಷ್ಟು ಹೇಳಿ ಮುಗಿಸುವಾಗ ಬೆಂಚಿನ ಮೇಲೆ ನೆರಳು ಬಂದಿತ್ತು. ನೀಲಿ ಕಣ್ಣಿನದೇ ಬೇಕೆಂದು ಬಂದಿದ್ದ ದಂಪತಿ, ಮನೆಯಲ್ಲಿ ಮಾತಾಡಿಕೊಂಡು ಬರುತ್ತೇವೆಂದು ಎದ್ದರು. ಉಳಿದವರೂ ಬಟ್ಟೆಗಂಟಿದ ಕೂದಲು ಕೊಡವುತ್ತ ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರು. ಬೆಂಚಿನ ತುದಿಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರ್ ಮಾತ್ರ ಏಳಲಿಲ್ಲ. ಕತೆಯ ನಡುವೆ ಯಾವಾಗಲೋ ಬಂದ ಅದೇ ಬೂದು ನಾಯಿ ಅವರ ಮೊಣಕಾಲಿಗೆ ಒರಗಿ ನಿದ್ದೆಹೋಗಿತ್ತು.

"ಕಾಲು ಜೋಮು ಹಿಡಿದಿರ್ಬೇಕು, ಎಬ್ಬಿಸಲಾ?" ಎಂದರು ಬಕೆಟ್ ಹಿಡಿದು ಹೊರಗೆ ಬಂದ ಅಕ್ಕ.

"ಬೇಡ ಬಿಡಿ. ಅದಾಗೇ ಏಳ್ಲಿ," ಎಂದರು ಕಂಡಕ್ಟರ್.

ಸ್ವಲ್ಪ ಹೊತ್ತಿಗೆ ಅದು ಎದ್ದು ಮೈ ಮುರಿಯಿತು. ಕಂಡಕ್ಟರ್ ಕಾಲು ನೀವಿಕೊಂಡು ಎದ್ದು, ಪುಸ್ತಕದಲ್ಲಿ ಗೀಟಿನ ಕೆಳಗಿದ್ದ ತಳಿಯ ಹೆಸರಿನ ಮುಂದೆ ಸಹಿ ಹಾಕಿದರು. ಅವರೂ ನಾಯಿಯೂ ಆತುರವಿಲ್ಲದೆ ಗೇಟು ದಾಟಿದರು. ಅಕ್ಕ ಏಣಿ ಹುಡುಕಲು ಒಳಗೆ ಹೋದರು.