ಒಂದು ಮೊಳದ ಸಿನಿಮಾ

ನೀರಿನಲ್ಲಿ ನೆನೆಹಾಕಿದ ಬಾಳೆನಾರಿಗೆ ಒಂದು ವಾಸನೆಯಿದೆ. ಹಸಿಮಣ್ಣಿನದೂ ಅಲ್ಲ, ಕೊಳೆತ ಎಲೆಯದೂ ಅಲ್ಲ, ಎರಡರ ನಡುವಿನದು. ಮೊನ್ನೆ ಹೊಸೂರು ಬಸ್‌ಸ್ಟ್ಯಾಂಡಿನ ಹೊರಗೆ, ಹೂವಿನ ಹೆಂಗಸರು ಕೂರುವ ಸಾಲಿನಲ್ಲಿ ಆ ವಾಸನೆ ಮೂಗಿಗೆ ಬಡಿದಾಗ ನನಗೆ ನೆನಪಾದದ್ದು ಹೂವಲ್ಲ, ಸಿನಿಮಾ. ಕೇಳಿದವರಿಗೆ ವಿಚಿತ್ರ ಅನ್ನಿಸಬಹುದು. ಆದರೆ ನಾನು ಬೆಳೆದ ಮನೆಯಲ್ಲಿ ಇವೆರಡನ್ನೂ ಬೇರೆ ಮಾಡಲು ಬರುತ್ತಿರಲಿಲ್ಲ. ಹೊಸೂರಿನ ಆಚೆ, ತಳಿ ಎಂಬ ಊರಿನಿಂದ ಸ್ವಲ್ಪ ದೂರದ ಆ ಮನೆ ಈಗಿಲ್ಲ. ಪಾಲಾಯಿತು, ಕೆಡವಿದರು. ಆ ಜಾಗದಲ್ಲಿ ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ನಿಂತಿದೆ. ನಡುಮನೆ ಎಲ್ಲಿತ್ತು, ಟಿವಿ ಎಲ್ಲಿತ್ತು, ಟಿವಿಯ ಎದುರು ಕಾಲು ಚಾಚಿ ಕೂತು ಸಿನಿಮಾಗಳಿಗೆ ತೀರ್ಪು ಕೊಡುತ್ತಿದ್ದ ನನ್ನ ದೊಡ್ಡಮ್ಮ ಎಲ್ಲಿ ಕೂರುತ್ತಿದ್ದಳು ಎಂದು ಈಗ ಬೆರಳು ಮಾಡಿ ತೋರಿಸಲಾಗದು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು. ಇದ್ದಿದ್ದರೆ ನಾನು ಹೇಳುವುದು ನಿಮಗೆ ಅರ್ಥವಾಗುತ್ತದೆ.

ನಮ್ಮದು ಕೂಡಿದ ಮನೆ. ಅಪ್ಪ, ಅಪ್ಪನ ಅಣ್ಣನಾದ ದೊಡ್ಡಪ್ಪ, ಎರಡೂ ಸಂಸಾರ, ಒಂದೇ ಒಲೆ. ಹೊಲದಲ್ಲಿ ರಾಗಿ, ತೋಟದಲ್ಲಿ ಕನಕಾಂಬರ ಮತ್ತು ಕಾಕಡ. ಭಾನುವಾರ ಬೆಳಿಗ್ಗೆ ಬಿಡಿಸಿದ ಹೂವನ್ನು ಮಧ್ಯಾಹ್ನ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮರುದಿನದ ಮೊದಲ ಬಸ್ಸಿಗೆ ಹೊಸೂರಿಗೆ ಕಳಿಸಬೇಕು. ಭಾನುವಾರ ಮಧ್ಯಾಹ್ನವೆಂದರೆ ಟಿವಿಯಲ್ಲಿ ಸಿನಿಮಾ ಬರುವ ಹೊತ್ತು. ಪಡಿತರ ಚೀಟಿಗೊಂದರಂತೆ ಸರ್ಕಾರ ಕೊಟ್ಟ ಕಲರ್ ಟಿವಿ ನಮ್ಮ ನಡುಮನೆಗೆ ಬಂದ ದಿನದಿಂದ ದೊಡ್ಡಮ್ಮ ಕೈಯಲ್ಲಿ ಹೂವು, ಕಣ್ಣಲ್ಲಿ ಸಿನಿಮಾ ಇಟ್ಟುಕೊಂಡು ಕೂತಳು. ಬೆರಳುಗಳಿಗೆ ಕಣ್ಣಿನ ಅಗತ್ಯವೇ ಇರಲಿಲ್ಲ. ತಮಿಳು, ತೆಲುಗು, ಕನ್ನಡ, ಯಾವುದು ಬಂದರೂ ನಡೆಯುತ್ತಿತ್ತು. ಅವಳು ಅಭಿಪ್ರಾಯ ಹೇಳುತ್ತಿದ್ದುದು ಕನ್ನಡದಲ್ಲಿ. ಬಯ್ಯುವುದಕ್ಕೆ ಮಾತ್ರ ತೆಲುಗೇ ಆಗಬೇಕು. "ನೀ ಮೊಖಂ ಮಂಡ", ನಿನ್ನ ಮುಖ ಸುಡಲಿ, ಎಂದು ಅವಳು ಪರದೆಗೆ ಶಾಪ ಹಾಕಿದರೆ, ನಾಯಕ ಏನೋ ಅನಾಚಾರ ಮಾಡಿದ್ದಾನೆ ಎಂದು ಅಡುಗೆಮನೆಯಲ್ಲಿದ್ದ ನನ್ನ ಅಮ್ಮನಿಗೆ ಗೊತ್ತಾಗುತ್ತಿತ್ತು.

ಅವಳ ಕಾನೂನುಗಳು ಸ್ಪಷ್ಟವಾಗಿದ್ದವು. ಊಟದ ಮುಂದಿನಿಂದ ಕೋಪ ಮಾಡಿಕೊಂಡು ಎದ್ದು ಹೋದವನು ಆಮೇಲೆ ಇಡೀ ಊರನ್ನೇ ಕಾಪಾಡಿದರೂ ನಾಯಕನಲ್ಲ. "ತಟ್ಟೇಲೇ ಕೈ ತೊಳ್ದುಬುಟ್ಟು ಹೋದ ನೋಡು. ಆ ವಿಲನ್ನೇ ವಾಸಿ, ಹೆಂಗೆ ಕುಂತು ಉಣ್ತಾವ್ನೆ!" ಒಮ್ಮೆ ಮಾಡಿದ ತಪ್ಪಿಗೆ ಮುಂದಿನ ಸಿನಿಮಾದಲ್ಲೂ ಕ್ಷಮೆಯಿರಲಿಲ್ಲ. "ಹೋದ್ವಾರ ಹೆತ್ತ ತಾಯಿನ ಬೀದಿಗೆ ಬುಟ್ಟೋನು ಇವ್ನೇ ಅಲ್ವಾ? ಈ ವಾರ ಮೀಸೆ ಅಂಟಿಸ್ಕೊಂಡು ಪಂಚಾಯ್ತಿ ಮಾಡಾಕೆ ಬಂದವ್ನೆ. ಗೊತ್ತಾಗಕ್ಕಿಲ್ಲ ಅನ್ಕೊಂಡ್ಯೇನ್ಲಾ?" ಪಾತ್ರ ಬೇರೆ, ನಟ ಬೇರೆ ಎಂದು ನನ್ನ ಅಪ್ಪ ವಿವರಿಸಲು ಹೋದರೆ, "ಮುಖ ಒಂದೇ ತಾನೆ?" ಎಂದು ಕೇಸು ಮುಗಿಸುತ್ತಿದ್ದಳು. ಒಮ್ಮೆ ಕಾಡಿನ ಕತೆಯ ಸಿನಿಮಾವೊಂದರಲ್ಲಿ ಆನೆ ಅಡ್ಡ ಬಂದಾಗ ನಾಯಕ ಹಾಡು ಹೇಳಿದ, ಆನೆ ಸೊಂಡಿಲೆತ್ತಿ ನಮಸ್ಕಾರ ಮಾಡಿತು. ದೊಡ್ಡಮ್ಮ ನಾರನ್ನು ಹಲ್ಲಿನಲ್ಲಿ ಸೀಳುತ್ತಾ ನನ್ನ ಕಡೆ ತಿರುಗಿದಳು. "ನಮ್ ರಾಗಿ ಹೊಲುಕ್ಕೆ ಆನೆ ಬಿದ್ದಾಗ ನಿಮ್ ದೊಡ್ಡಪ್ಪ ಹಾಡು ಹೇಳಿದ್ರಾ ಅಮ್ಮಿ? ಪಂಚೆ ಬೇಲಿಗೆ ಬುಟ್ಟು ಓಡ್ಬಂದ್ರು." ಅಲ್ಲೇ ಕಾಫಿ ಕುಡಿಯುತ್ತಿದ್ದ ದೊಡ್ಡಪ್ಪ, "ಮುಳ್ಳಿಗೆ ಸಿಕ್ಕೊಂಡಿತ್ತು" ಎಂದ. ಅದು ಕಾನೂನುಬದ್ಧ ತಿದ್ದುಪಡಿ. ದೊಡ್ಡಮ್ಮ ಒಪ್ಪಲಿಲ್ಲ.

ಆದರೆ ಅಂತಿಮ ತೀರ್ಪು ಬಾಯಿಂದ ಬರುತ್ತಿರಲಿಲ್ಲ, ಮಡಿಲಿನಿಂದ ಬರುತ್ತಿತ್ತು. ಸಿನಿಮಾ ಮುಗಿದಾಗ ಅವಳು ಕಟ್ಟಿದ ಹೂವನ್ನು ಎತ್ತಿ, ಎರಡೂ ಕೈ ಅಗಲಿಸಿ ಮಾರು ಹಾಕುತ್ತಿದ್ದಳು. ಸಿನಿಮಾ ಕೆಟ್ಟದಾಗಿದ್ದರೆ ಬೆರಳು ಓಡುತ್ತಿದ್ದವು, ಮಾರಿನ ಮೇಲೆ ಮಾರು ಬೀಳುತ್ತಿತ್ತು. ಚೆನ್ನಾಗಿದ್ದರೆ ಕೈ ನಿಂತುಬಿಡುತ್ತಿತ್ತು. ಹೂವು ಕಡಿಮೆಯಾದಷ್ಟೂ ಸಿನಿಮಾ ದೊಡ್ಡದು. ಇದು ಅವಳು ಮಾಡಿದ ನಿಯಮವಲ್ಲ. ನಾವೇ ನೋಡಿ ನೋಡಿ ಕಂಡುಕೊಂಡದ್ದು. ಕೊನೆಗೆ ಕೇರಿಯಲ್ಲೆಲ್ಲ ಅದೇ ಲೆಕ್ಕವಾಯಿತು. ಪಕ್ಕದ ಮನೆಯವರು ಗೋಡೆಯ ಆಚೆಯಿಂದ, "ಅಕ್ಕಾ, ಇವತ್ತಿನ ಪಡ ಎಷ್ಟು ಮಾರು?" ಎಂದು ಕೂಗುತ್ತಿದ್ದರು. ಪಡ ಎಂದರೆ ನಮ್ಮ ಕಡೆ ಸಿನಿಮಾ. "ಹತ್ತು" ಎಂದರೆ ಸಂಜೆ ಮರುಪ್ರಸಾರವನ್ನು ಯಾರೂ ನೋಡುತ್ತಿರಲಿಲ್ಲ. "ಎರಡು" ಎಂದರೆ ಬೇಗ ಅಡುಗೆ ಮುಗಿಸುತ್ತಿದ್ದರು. ಒಂದು ಮಾರಿಗಿಂತ ಕೆಳಗೆ ಇಳಿದ ಸಿನಿಮಾವನ್ನು, ಮುಂದೆ ಹೇಳುವ ಒಂದು ಭಾನುವಾರದವರೆಗೆ, ನಾನು ಕಂಡಿರಲಿಲ್ಲ.

ಇದರಲ್ಲಿ ನಷ್ಟವಾಗುತ್ತಿದ್ದುದು ದೊಡ್ಡಪ್ಪನಿಗೆ. ಮದುವೆ ಕಾಲದಲ್ಲಿ ಹೂವಿಗೆ ಗಿರಾಕಿ ಜಾಸ್ತಿ. ಅಂಥ ಭಾನುವಾರ ಒಳ್ಳೆಯ ಸಿನಿಮಾ ಬಂತೆಂದರೆ ಅವನ ಮುಖ ಬಾಡುತ್ತಿತ್ತು. ಅವನು ರಿಮೋಟ್ ಹಿಡಿದು ಮೂರು ಭಾಷೆಯ ಚಾನೆಲ್‌ಗಳನ್ನೂ ತಿರುವಿ, ಇದ್ದುದರಲ್ಲಿ ತೀರಾ ಕೆಟ್ಟದ್ದನ್ನು ಹುಡುಕುತ್ತಿದ್ದ. ಕೆಟ್ಟ ಸಿನಿಮಾ ಆರಿಸುವುದರಲ್ಲಿ ಅವನಷ್ಟು ಪಳಗಿದ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ. ಮೊದಲ ದೃಶ್ಯದಲ್ಲೇ ಹಿಡಿದುಬಿಡುತ್ತಿದ್ದ. "ಇದು ಬುಡು, ಚೆನ್ನಾಗಿರೋ ಹಂಗೆ ಕಾಣ್ತೈತೆ" ಎಂದು ಚಾನೆಲ್ ಬದಲಿಸುತ್ತಿದ್ದ.

ದೊಡ್ಡಮ್ಮನ ತೀರ್ಪಿಗೆ ಎದುರು ಹೇಳುವ ಧೈರ್ಯವಿದ್ದುದು ಅವಳ ಒಬ್ಬಳೇ ಮಗಳು ಗಿರಿಜಕ್ಕನಿಗೆ. ಪ್ಲಸ್ ಟೂ ಮುಗಿಸಿ ಹೊಸೂರಿನ ಒಂದು ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಭಾನುವಾರ ರಜೆ. ಅಮ್ಮನ ಎದುರು ಕೂತು ಅವಳೂ ಹೂವು ಕಟ್ಟುತ್ತಿದ್ದಳು, ಅವಳ ಕೈ ಇನ್ನೂ ಚುರುಕು. ದೊಡ್ಡಮ್ಮ ಹೌದೆಂದರೆ ಇವಳು ಇಲ್ಲ. ದೊಡ್ಡಮ್ಮ ನಾಯಕಿಯನ್ನು ಹೊಗಳಿದರೆ, "ಎಂತಾ ಪೆದ್ದಿ ಅಮ್ಮಾ ಅವ್ಳು, ಒಂದ್ ಫೋನ್ ಮಾಡಿದ್ರೆ ಕತೆ ಅಲ್ಲೇ ಮುಗೀತಿತ್ತು" ಅನ್ನುತ್ತಿದ್ದಳು. "ಮುಗುದ್ರೆ ನಾವೇನ್ ನೋಡಾದು? ನಿನ್ ಮುಖನಾ?" ಎಂದು ದೊಡ್ಡಮ್ಮ. ಅರ್ಧ ಸಿನಿಮಾ ಇವರ ಜಗಳದಲ್ಲೇ ಮುಳುಗಿ ಹೋಗುತ್ತಿತ್ತು. ಇವರ ಜಗಳ ಕೇಳದೆ ನೋಡಿದ ಸಿನಿಮಾದಲ್ಲಿ ಏನೋ ಕಡಿಮೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಗಿರಿಜಕ್ಕನನ್ನು ನೋಡಲು ಗಂಡಿನ ಕಡೆಯವರು ಬರತೊಡಗಿದಾಗ ತೊಂದರೆ ಶುರುವಾಯಿತು. ಬರುವವರು ಭಾನುವಾರವೇ ಬರುವುದು, ಬಂದವರನ್ನು ಕೂರಿಸುವುದು ನಡುಮನೆಯಲ್ಲೇ, ನಡುಮನೆಯಲ್ಲಿ ಟಿವಿ. ದೊಡ್ಡಮ್ಮ ಹುಡುಗನ ಸಂಬಳ ಕೇಳುತ್ತಿರಲಿಲ್ಲ, ಜಮೀನು ಕೇಳುತ್ತಿರಲಿಲ್ಲ. ಅವನು ಸಿನಿಮಾ ನೋಡುವುದನ್ನು ನೋಡುತ್ತಿದ್ದಳು. ನಾಟ್ರಾಂಪಾಳ್ಯದ ಕಡೆಯ ಹುಡುಗನೊಬ್ಬ ಪರದೆಯ ಮೇಲೆ ಮುದುಕಿಯೊಬ್ಬಳು ಅಳುವಾಗ ನಕ್ಕುಬಿಟ್ಟ. "ಮುದುಕಿ ಅಳ್ತಿದ್ರೆ ಹಲ್ಲು ಕಿಸಿಯೋನು ನನ್ ಮಗ್ಳುನ್ನ ಏನ್ ನೋಡ್ಕೊಂಡಾನು?" ಅಲ್ಲಿಗೆ ಮುಗಿಯಿತು. ಹೊಸೂರಿನ ಇನ್ನೊಬ್ಬ ಆ ಸಿನಿಮಾವನ್ನು ಮೊದಲೇ ನೋಡಿದ್ದನಂತೆ. ಪಾಪ, ಮಾತು ಬೆಳೆಯಲಿ ಎಂದು ಮುಂದೆ ಆಗುವುದನ್ನೆಲ್ಲ ಹೇಳಿದ. ಅವರ ಜೀಪು ಊರು ದಾಟುವ ಮೊದಲೇ ದೊಡ್ಡಮ್ಮ ತೀರ್ಪು ಕೊಟ್ಟಳು. "ನಾಳೆ ಏನಾಯ್ತದೆ ಅಂತ ಇವತ್ತೇ ಹೇಳ್ಬುಡೋನ ಜತೆ ಬಾಳಾದ್ ಹೆಂಗೆ?" ನಾವೆಲ್ಲ ನಕ್ಕೆವು. ಗಿರಿಜಕ್ಕನೂ ನಕ್ಕಳು. ಆ ಇಬ್ಬರಲ್ಲಿ ಯಾರೂ ಅವಳಿಗೆ ಬೇಕಾಗಿರಲಿಲ್ಲ.

ಮೂರನೆಯವನು ಬೇಕಾಗಿದ್ದ. ಅವನ ಹೆಸರು ಮುನಿರಾಜು, ಸಾನಮಾವು ಊರಿನ ಕಡೆಯ ರೈತರ ಮಗ, ಹೊಸೂರಿನಲ್ಲೇ ಬೇರೆ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಕೆಲಸ. ಸಂಬಂಧವನ್ನು ತಂದದ್ದು ದೂರದ ಅತ್ತೆ ಎಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದರು. ಆ ಅತ್ತೆಗೆ ಹೇಳಿಸಿದ್ದು ಗಿರಿಜಕ್ಕನೇ ಎಂಬುದು ಅವಳ ಪಕ್ಕ ಮಲಗುತ್ತಿದ್ದ ನನಗೆ ಮಾತ್ರ ಗೊತ್ತಿತ್ತು. "ಇವ್ರನ್ನೂ ಅಮ್ಮ ಬ್ಯಾಡ ಅಂದ್ರೆ, ಇನ್ನು ಯಾರ್ ಮುಂದೇನೂ ನಾನು ಕಾಫಿ ತಟ್ಟೆ ಹಿಡ್ಕೊಂಡು ಬರಾಕಿಲ್ಲ ಅಮ್ಮಿ" ಎಂದಳು. ತಮಾಷೆಯ ದನಿಯಲ್ಲೇ ಹೇಳಿದಳು. ತಮಾಷೆಯಾಗಿರಲಿಲ್ಲ.

ದೊಡ್ಡಪ್ಪನಿಗೆ ಏನು ವಾಸನೆ ಬಡಿದಿತ್ತೋ ಕಾಣೆ. ಅವರು ಬರುವ ಭಾನುವಾರ ದೊಡ್ಡಮ್ಮ ಹಿತ್ತಲಿನಲ್ಲಿದ್ದಾಗ ಟಿವಿಯ ಹಿಂದೆ ಕೈ ಹಾಕಿ ಕೇಬಲ್ ವೈರನ್ನು ಎಳೆದುಬಿಟ್ಟ. ಆಮೇಲೆ ಪರದೆಯ ಮೇಲಿನ ಚುಕ್ಕೆಗಳನ್ನು ತೋರಿಸಿ, "ಕೇಬಲ್ ಹೋಗೈತೆ" ಎಂದು ಘೋಷಿಸಿದ. ಒಳ್ಳೆಯ ಯೋಜನೆಯೇ. ಮುನಿರಾಜು, ಅವನ ತಾಯಿ, ಸೋದರಮಾವ ಬಂದು ಕೂತರು. ಕೇಸರಿಬಾತು, ಮಿಕ್ಸ್ಚರ್ ಆಯಿತು. ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬ ಮಾತು ಆಯಿತು, ಆಲೂಗಡ್ಡೆ ಬೆಳೆಯ ಮಾತು ಆಯಿತು. ಮಾತು ಖಾಲಿಯಾದಾಗ ಹುಡುಗ, ತಾನೂ ಒಂದು ಉಪಕಾರ ಮಾಡಬೇಕೆಂದು, "ಮಾವ, ಟಿವಿ ಕೆಟ್ಟೋಗೈತಾ?" ಎಂದು ಕೇಳಿದ.

"ಹಳೇದು ಬುಡಪ್ಪ, ಅದ್ರ ಆಯಸ್ಸು ಮುಗೀತು" ಎಂದ ದೊಡ್ಡಪ್ಪ.

"ಇರಿ ಮಾವ, ನೋಡ್ತೀನಿ."

"ಬ್ಯಾಡ, ಬ್ಯಾಡ, ಶಾಕ್ ಹೊಡೀತದೆ!"

"ನಂದು ಅದೇ ಕೆಲ್ಸ ಅಲ್ವಾ" ಎಂದು ಎದ್ದವನು ಟಿವಿಯ ಹಿಂದೆ ಬಗ್ಗಿ, ನೇತಾಡುತ್ತಿದ್ದ ವೈರನ್ನು ಸಿಕ್ಕಿಸಿದ. ಪರದೆಯಲ್ಲಿ ಚಿತ್ರ ಮೂಡಿತು, ದನಿ ಮನೆ ತುಂಬಿತು. ಅಡುಗೆಮನೆಯ ಬಾಗಿಲಲ್ಲಿ ಗಿರಿಜಕ್ಕ ಹಣೆ ಚಚ್ಚಿಕೊಂಡಳು. ದೊಡ್ಡಪ್ಪ ಮೇಲೆ ನೋಡತೊಡಗಿದ. ದೊಡ್ಡಮ್ಮ ಹೂವಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡಳು.

ಒಂದು ಹೊಲದ ನಡುವಿನ ಬಾವಿಗಾಗಿ ಕಿತ್ತಾಡುವ ಅಣ್ಣತಮ್ಮಂದಿರ ತಮಿಳು ಸಿನಿಮಾ ಅದು. ಹಾಡು ಕಡಿಮೆ, ಹೊಡೆದಾಟವಿಲ್ಲ. ಮುನಿರಾಜು ಕಂಬಕ್ಕೆ ಒರಗಿ ಗಂಭೀರವಾಗಿ ನೋಡಲು ಶುರುಮಾಡಿದ. ಸ್ವಲ್ಪ ಹೊತ್ತಿಗೆ ಅವನ ತಲೆ ವಾಲಿತು. ಇನ್ನೂ ಸ್ವಲ್ಪ ಹೊತ್ತಿಗೆ ಬಾಯಿ ತೆರೆಯಿತು. ಅವನ ತಾಯಿ ತೊಡೆ ಚಿವುಟಿದಳು. "ಹಾಂ, ಬೋ ಚೆನ್ನಾಗೈತೆ" ಎಂದು ಗಟ್ಟಿಯಾಗಿ ಹೇಳಿ ಮತ್ತೆ ಮಲಗಿದ. ಸೋದರಮಾವ ಮೀಸೆಯೊಳಗೆ ಕೆಮ್ಮಿದ. ದೊಡ್ಡಪ್ಪ ನನ್ನ ಕಡೆ ನೋಡಿದ ನೋಟದಲ್ಲಿ ಅಂತ್ಯಕ್ರಿಯೆ ಮುಗಿಸಿ ಬಂದವರ ಶಾಂತಿಯಿತ್ತು.

ಗಿರಿಜಕ್ಕ ಕಾಫಿ ತಂದದ್ದು ಆಗ. ಎಲ್ಲರಿಗೂ ಕೊಟ್ಟು, ಅವನ ಹತ್ತಿರ ಬಂದು ನಿಂತಳು. ನಿದ್ದೆಯಲ್ಲಿ ಕಾಲು ತಾಗದಂತೆ ಲೋಟವನ್ನು ಗೋಡೆಯ ಪಕ್ಕಕ್ಕಿಟ್ಟಳು. ಆಮೇಲೆ ರಿಮೋಟ್ ತೆಗೆದುಕೊಂಡು ಟಿವಿಯ ದನಿಯನ್ನು ಕಡಿಮೆ ಮಾಡಿದಳು. ನಮ್ಮ ಮನೆಯಲ್ಲಿ ದೊಡ್ಡಮ್ಮ ಸಿನಿಮಾ ನೋಡುವಾಗ ಯಾರೂ ದನಿ ತಗ್ಗಿಸುತ್ತಿರಲಿಲ್ಲ. ಜ್ವರ ಬಂದವರೂ ಕೇಳುತ್ತಿರಲಿಲ್ಲ. ನಾನು, ಅಮ್ಮ, ದೊಡ್ಡಪ್ಪ ಮೂವರೂ ದೊಡ್ಡಮ್ಮನ ಕಡೆ ತಿರುಗಿದೆವು. ಅವಳ ಬೆರಳುಗಳು ನಾರಿನ ಮೇಲೆ ನಿಂತಿದ್ದವು. ಅವಳು ಪರದೆಯನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದಳು. ಸಿನಿಮಾ ಮುಗಿಯುವವರೆಗೂ ಆ ಬೆರಳುಗಳು ಮತ್ತೆ ಓಡಲಿಲ್ಲ.

ಕೊನೆಗೆ ಹುಡುಗನ ತಾಯಿ ಅವಮಾನದಿಂದ ಸಣ್ಣಗಾಗಿ, "ನೈಟ್ ಶಿಫ್ಟ್ ಮುಗುಸ್ಕೊಂಡು ಹಂಗೇ ಬಂದವ್ನೆ ಅಕ್ಕಾ, ತಪ್ಪು ತಿಳ್ಕೋಬ್ಯಾಡಿ" ಎಂದಳು.

"ಪಡಾನೇ ಚೆನ್ನಾಗಿರ್ಲಿಲ್ಲ ಬುಡಮ್ಮ. ನಿಮ್ಮುಡ್ಗ ಮಲ್ಗಿದ್ದೇ ಸರಿ" ಎಂದಳು ದೊಡ್ಡಮ್ಮ. "ಯಾವತ್ತು ಮಾತಾಡಾನ ಹೇಳಿ."

ಅದು ಅವಳು ಹೇಳಿದ ಮಾತು. ಅವಳ ಮಡಿಲಿನಲ್ಲಿದ್ದ ಹೂವನ್ನೂ ನಾನು ಕಂಡೆ, ಅದನ್ನೂ ಹೇಳಬೇಕು. ಒಂದು ಮೊಳವೂ ಸರಿಯಾಗಿ ಇರಲಿಲ್ಲ. ನಮ್ಮ ಮನೆಯ ಲೆಕ್ಕದ ಪ್ರಕಾರ ಆ ನಡುಮನೆಯಲ್ಲಿ ಅದಕ್ಕಿಂತ ದೊಡ್ಡ ಸಿನಿಮಾ ಬಂದಿರಲೇ ಇಲ್ಲ. ಗಿರಿಜಕ್ಕ ಆ ಹೂವಿನ ತುಂಡನ್ನು ಎತ್ತಿಕೊಂಡು ಒಂದು ಕ್ಷಣ ನೋಡಿದಳು, ಅಮ್ಮನನ್ನು ನೋಡಿದಳು, ಸುಮ್ಮನೆ ತುರುಬಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಆ ದಿನ ಕಟ್ಟದೆ ಉಳಿದ ಹೂವು ಬುಟ್ಟಿಯಲ್ಲೇ ಬಾಡಿತು. ದೊಡ್ಡಪ್ಪ ಚಕಾರವೆತ್ತಲಿಲ್ಲ.

ಮದುವೆಯಾಯಿತು. ಗಿರಿಜಕ್ಕ ಹೊಸೂರಿಗೆ ಹೋದಳು. ಮುಂದಿನ ಭಾನುವಾರ ದೊಡ್ಡಮ್ಮ ಎಂದಿನಂತೆ ಕಾಲು ಚಾಚಿ ಕೂತಳು. ಎದುರಿನ ಜಾಗ ಖಾಲಿಯಿದ್ದುದರಿಂದ ನಾನು ಕೂತೆ. ನನಗೆ ಹೂವು ಕಟ್ಟಲು ಅಷ್ಟಾಗಿ ಬರುತ್ತಿರಲಿಲ್ಲ, ನಾರು ನೆನೆಸಿ ಕೊಡುತ್ತಿದ್ದೆ. ಸಿನಿಮಾ ಅರ್ಧವಾಗಿರಬಹುದು, ನಾಯಕಿಯನ್ನು ನೋಡಿ, "ಈ ಹುಡ್ಗಿಗೆ ಬುದ್ಧಿ ಐತೆ" ಎಂದಳು ದೊಡ್ಡಮ್ಮ. ಹೇಳಿ ಸ್ವಲ್ಪ ಹೊತ್ತು ಕಾದಳು. ಪರದೆಯ ಮೇಲೆ ಯಾರೋ ಹಾಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ನೀನೇನಂತೀಯ ಅಮ್ಮಿ?" ಎಂದು ಕೇಳಿದಳು. ಅವಳು ಇನ್ನೊಬ್ಬರ ಅಭಿಪ್ರಾಯ ಕೇಳಿದ್ದನ್ನು ನಾನು ಅದೇ ಮೊದಲು ಕಂಡದ್ದು. ನಾನು ಹೆದರಿ, "ನೀನು ಹೇಳಿದ್ದೇ ಸರಿ ದೊಡ್ಡಮ್ಮ" ಎಂದೆ.

"ಹಂಗಂದ್ರೆ ಹೆಂಗಮ್ಮಿ?" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಯಾರಾನಾ ಒಬ್ರು ಇಲ್ಲ ಅನ್ಬೇಕು."

ನಾನು ಪರದೆಯನ್ನೇ ದಿಟ್ಟಿಸಿ ನೋಡಿದೆ, ಏನಾದರೂ ತಪ್ಪು ಕಂಡೀತೇ ಎಂದು. ಆ ಹುಡುಗಿ ಮರದ ಕೆಳಗೆ ನಿಂತು ಬಸ್ಸಿಗೆ ಕಾಯುತ್ತಿದ್ದಳು. ಇಲ್ಲ ಅನ್ನಲು ನನಗೆ ಏನೂ ಸಿಗಲಿಲ್ಲ. ದೊಡ್ಡಮ್ಮ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟು, ನನ್ನ ಉತ್ತರಕ್ಕೆ ಕಾಯುತ್ತಲೇ ಇದ್ದಳು.