ಗೌರಿಯ ಅಟ್ಟ ನೋಡಲು ಬಂದವರು

ತಿಪಟೂರಿನಲ್ಲಿ ಬೆಳಿಗ್ಗೆಯೇ ಅರಳಗುಪ್ಪೆ ಬಸ್ಸು ಹತ್ತಿದೆವು. ನನ್ನವಳಿಗೆ ಟಿಕೆಟ್ ಫ್ರೀ, ನನಗೆ ದುಡ್ಡು. ಇಳಿಯುವವರೆಗೂ ಅದನ್ನೇ ಹೇಳಿಕೊಂಡು ನಕ್ಕಳು. ಬಿಸಿಲಿನ್ನೂ ಎಳೆಯದು. ದಾರಿಯುದ್ದಕ್ಕೂ ತೆಂಗು, ನಡುನಡುವೆ ರಾಗಿ ಹೊಲ.

ನಮ್ಮ ತಾತನಿಗೆ ಪ್ರವಾಸವೆಂದರೆ ಧರ್ಮಸ್ಥಳ. ಅಪ್ಪ ಮೈಸೂರು, ಊಟಿ ನೋಡಿದರು. ನಾವು ಹೋದ ವರ್ಷ ಕೇರಳಕ್ಕೆ ಹೋಗಿ, ದುಡ್ಡು ಕೊಟ್ಟು ದೋಣಿಯಲ್ಲಿ ಕೂತು, ತೆಂಗಿನಮರ ನೋಡಿ ಬಂದೆವು! ಈಗ ನಮ್ಮ ಬೀದಿಯವರು ಬಾಲಿ, ಬ್ಯಾಂಕಾಕ್ ಎನ್ನುತ್ತಾರೆ. ಊರೂರು ಸುತ್ತಿದ ಈ ಪ್ರವಾಸ ಕೊನೆಗೆ ಅರಳಗುಪ್ಪೆಯ ನನ್ನ ತಂಗಿ ಗೌರಿಯ ಮನೆಬಾಗಿಲಿಗೂ ಬಂದಿತ್ತು. ಅಲ್ಲಿನ ಹಳೇ ಗುಡಿ ನೋಡಲು ಬರುವವರಿಗೆಂದು ಅವಳು ಹೋಂಸ್ಟೇ ಮಾಡಿದ್ದಳು. ಅಂದು ಮೊದಲ ಅತಿಥಿಗಳು. ಅವರು ಉಳಿಯದೆ ಹೋದರೆ ಬೋರ್ಡು ಇಳಿಸಿಬಿಡುತ್ತೇನೆಂದು ಫೋನಿನಲ್ಲಿ ಹೇಳಿ, ಧೈರ್ಯಕ್ಕೆ ನಮ್ಮನ್ನು ಕರೆಸಿಕೊಂಡಿದ್ದಳು.

ಮಧ್ಯಾಹ್ನ ಗುಡಿ ನೋಡಿಕೊಂಡು ಗಂಡ ಹೆಂಡತಿ ಬಂದರು. ಕೇರಳದವರು, ಬೆಂಗಳೂರಿನಲ್ಲಿದ್ದು ಕನ್ನಡ ಕಲಿತಿದ್ದರು. ಮುದ್ದೆ, ಅವರೆಕಾಳು ಸಾರು, ನನ್ನವಳು ತಟ್ಟಿದ ಒಬ್ಬಟ್ಟು ಉಂಡರು. ಆಮೇಲೆ ಆಕೆ, "ಕೊಬ್ಬರಿ ಅಟ್ಟ ಎಲ್ಲಿ? ಅದನ್ನ ನೋಡೋಕೇ ಬಂದಿದ್ದು" ಎಂದರು.

ಗೌರಿಯ ಮುಖ ಸಪ್ಪಗಾಯಿತು. ಮಟ್ಟೆ ಸುಲಿಯದ ಕಾಯನ್ನು ವರ್ಷದ ಹತ್ತಿರ ಅಟ್ಟದಲ್ಲಿಟ್ಟು, ಒಳಗೇ ಉಂಡೆ ಕೊಬ್ಬರಿಯಾಗಲು ಬಿಡುವುದು ನಮ್ಮ ಪದ್ಧತಿ. ಪೇಟೆಯವರಿಗೆ ಆ ಧೂಳು ಹಿಡಿಸಲಾರದೆಂದು ಅವಳು ಕಾಯನ್ನೆಲ್ಲ ಹಸಿಯಿರುವಾಗಲೇ ಮಾರಿ, ಅಟ್ಟದ ಗಾಳಿ ಸಂದಿಗಳಿಗೆ ಹಲಗೆ ಬಡಿಸಿ, ಮಂಚ ಹಾಕಿಸಿದ್ದಳು.

"ನೀವು ಮಲಗೋ ರೂಮೇ ಅದು ಕಣ್ರೀ" ಎಂದಳು, ಸಣ್ಣ ದನಿಯಲ್ಲಿ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಗೌರಿ ಅವರನ್ನು ಎದುರುಮನೆಗೆ ಕರೆದೊಯ್ದಳು. ಅಲ್ಲಿನ ಅಟ್ಟ ತುಂಬಿತ್ತು. ಒಂದು ಕಾಯಿ ತೆಗೆದು ಆಕೆಯ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕೊಬ್ಬರಿ ಲೊಟಲೊಟ ಎಂದಿತು. ತಮ್ಮೂರಲ್ಲಿ ಕಾಯಿ ಒಡೆದು ಬಿಸಿಲಿಗೆ ಹಾಕುತ್ತಾರೆ, ಇಂಥ ಸದ್ದು ಕೇಳಿಯೇ ಇರಲಿಲ್ಲ ಎನ್ನುತ್ತ ಆಕೆ ಆ ಕಾಯನ್ನು ಕೆಳಗಿಡಲೇ ಇಲ್ಲ. ರಾತ್ರಿ ಗೌರಿಯ ಮನೆಯಲ್ಲೇ ಉಳಿದರು. ನನಗೋ ಹೇಳಲಾರದಷ್ಟು ಖುಷಿ.

ಬೆಳಿಗ್ಗೆ ಅವರ ಕಾರು ಹೊರಟಮೇಲೆ ಗೌರಿ ನನ್ನ ಪಕ್ಕ ಬಂದು ಕೂತಳು.

"ಅಣ್ಣ, ಈ ಸಲ ನಿನ್ ತೋಟದ್ ಕಾಯಿ ನನ್ ಅಟ್ಟಕ್ಕೆ ಹಾಕ್ಸು."

ಮಂಚ ಏನು ಮಾಡುತ್ತೀಯೆಂದು ಕೇಳಿದೆ.

"ಕೆಳಗೆ ಹಾಕ್ತೀನಿ ಬುಡು. ಮುಂದಿನ್ ವರ್ಷ ಬತ್ತೀವಿ ಅಂದವ್ರೆ. ಅಷ್ಟೊತ್ತಿಗೆ ನಮ್ ಮನೆ ಕಾಯೇ ಅವ್ರ ಕಿವೀಲಿ ಅಲ್ಲಾಡ್ಬೇಕು."

ನಾವು ಬಸ್ಸಿಗೆಂದು ಹೊರಟು ಗೇಟು ದಾಟುವಷ್ಟರಲ್ಲಿ ಮೇಲಿನಿಂದ ಸುತ್ತಿಗೆ ಸದ್ದು ಬಂತು. ತಿರುಗಿ ನೋಡಿದೆ. ಅಟ್ಟದ ಕಿಟಕಿಯಲ್ಲಿ ಗೌರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಗಲೇ ಗಾಳಿ ಸಂದಿಯ ಹಲಗೆ ಕೀಳುತ್ತಿದ್ದಳು.